ಸಹಿ ಬಿದ್ದ ದಿನವೇ ಕಾಣುವ ತಪ್ಪು: ಎನ್‌ಬಿಎಯ ದುಬಾರಿ ಫ್ರೀ ಏಜೆಂಟ್‌ಗಳು ಕೈಕೊಡುವುದೇಕೆ?

ಪ್ರಶ್ನೆ: ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಒಪ್ಪಂದ ಮುಗಿದು ಯಾವ ತಂಡಕ್ಕಾದರೂ ಹೋಗಬಹುದಾದ ಆಟಗಾರನೇ ಫ್ರೀ ಏಜೆಂಟ್. 2016ರ ಬೇಸಿಗೆಯಲ್ಲಿ ಅಂಥ ಇಬ್ಬರನ್ನು ಲಾಸ್ ಏಂಜಲೀಸ್ ಲೇಕರ್ಸ್ ತಂಡ ಟಿಮೊಫೇ ಮೊಜ್ಗೋವ್‌ಗೆ 6.4 ಕೋಟಿ, ಲುವಾಲ್ ಡೆಂಗ್‌ಗೆ 7.2 ಕೋಟಿ ಡಾಲರ್ ಕೊಟ್ಟು ಕರೆತಂದಿತು. ಒಂದೇ ಸೀಸನ್‌ನಲ್ಲಿ ಇಬ್ಬರೂ ಬೆಂಚಿಗೆ ಸರಿದರು. ಅಷ್ಟು ಅನುಭವ ಇರುವ ತಂಡ ಹೀಗೆ ಎಡವಿದ್ದು ಹೇಗೆ? ತಪ್ಪು ಗೊತ್ತಾದ ಮೇಲೆ ಐಪಿಎಲ್‌ನಲ್ಲಿ ಮಾಡುವಂತೆ ಆಟಗಾರನನ್ನು ಬಿಟ್ಟುಬಿಡಬಹುದಿತ್ತಲ್ಲ? ಒಪ್ಪಂದ ಆದ ದಿನವೇ ಅದು ಕೈಕೊಡುತ್ತದೆ ಎಂದು ಗುರುತಿಸಲು ಏನು ನೋಡಬೇಕು?

ಉತ್ತರ: ನಿಮ್ಮ ಎರಡನೆಯ ಪ್ರಶ್ನೆಯಿಂದ ಶುರು ಮಾಡೋಣ. ಅದು ತಿಳಿಯದೆ ಉಳಿದೆರಡು ತಿಳಿಯುವುದಿಲ್ಲ.

2014ರಲ್ಲಿ ಆರ್‌ಸಿಬಿ ಯುವರಾಜ್ ಸಿಂಗ್ ಅವರನ್ನು 14 ಕೋಟಿ ರೂಪಾಯಿಗೆ ಕೊಂಡಿತು, ಮರುವರ್ಷದ ಹರಾಜಿಗೆ ಮುಂಚೆ ಬಿಟ್ಟಿತು. ಬಿಟ್ಟ ಕ್ಷಣಕ್ಕೆ ಆ ಹಣ ತಂಡದ ಪರ್ಸ್‌ಗೆ ಮರಳಿತು. ಎನ್‌ಬಿಎಯಲ್ಲಿ ಹಾಗಿಲ್ಲ. ಅಲ್ಲಿನ ಸಾಮಾನ್ಯ ಒಪ್ಪಂದ ಪೂರ್ತಿ ಖಾತರಿಯದು. ಆಟಗಾರ ಆಡಲಿ ಬಿಡಲಿ, ತಂಡದಲ್ಲಿರಲಿ ಮನೆಯಲ್ಲಿರಲಿ, ಬರೆದ ಮೊತ್ತ ಕೊಡಲೇಬೇಕು. ಅದಕ್ಕಿಂತ ಮುಖ್ಯವಾದ ಸಂಗತಿ, ಆ ಮೊತ್ತ ಪ್ರತಿ ವರ್ಷ ತಂಡದ ಸ್ಯಾಲರಿ ಕ್ಯಾಪ್ (ಆಟಗಾರರ ಒಟ್ಟು ಸಂಬಳಕ್ಕೆ ಲೀಗ್ ಹಾಕುವ ಮಿತಿ) ಲೆಕ್ಕದಲ್ಲಿ ಕೂತಿರುತ್ತದೆ. ಕ್ಯಾಪ್ ಮೀರಿದ ತಂಡವು ತನ್ನದೇ ಆಟಗಾರರನ್ನು ಉಳಿಸಿಕೊಳ್ಳಬಹುದು. ಹೊರಗಿನ ದೊಡ್ಡ ಆಟಗಾರನಿಗೆ ಕೈಚಾಚಲು ಮಾತ್ರ ಖಾಲಿ ಜಾಗ ಬೇಕು. ತಪ್ಪು ಸಹಿ ನುಂಗುವುದು ಆ ಜಾಗವನ್ನೇ. ಮಾಲೀಕನ ಜೇಬಿನಿಂದ ಹೋದ ಡಾಲರ್ ಅಭಿಮಾನಿಗೆ ನೋವು ಕೊಡದೇ ಇರಬಹುದು. ಆದರೆ ಕಳೆದುಹೋದ ಜಾಗ ಮತ್ತು ಅದನ್ನು ಮರಳಿ ಪಡೆಯಲು ಕೊಟ್ಟ ಡ್ರಾಫ್ಟ್ ಪಿಕ್‌ಗಳು (ಹೊಸ ಆಟಗಾರರನ್ನು ಸರದಿಯಂತೆ ಆರಿಸುವ ಹಕ್ಕುಗಳು) ತಂಡವನ್ನು ವರ್ಷಗಟ್ಟಲೆ ಕಾಡುತ್ತವೆ.

ಇನ್ನು ಲೇಕರ್ಸ್ ಕಥೆ. 2015-16ರಲ್ಲಿ ಕ್ಯಾಪ್ 7 ಕೋಟಿ ಡಾಲರ್ ಇತ್ತು. ಮರುವರ್ಷ ಅದು 9.41 ಕೋಟಿಗೆ ಜಿಗಿಯಿತು. ಇಎಸ್‌ಪಿಎನ್ ಮತ್ತು ಟರ್ನರ್ ಜೊತೆಗಿನ ಒಂಬತ್ತು ವರ್ಷದ, 2,400 ಕೋಟಿ ಡಾಲರಿನ ಟೆಲಿವಿಷನ್ ಒಪ್ಪಂದ ಆ ವರ್ಷ ಜಾರಿಗೆ ಬಂದದ್ದು ಕಾರಣ. ಏರಿಕೆಯನ್ನು ಕೆಲವು ವರ್ಷಗಳಿಗೆ ಹಂಚಿ ನಿಧಾನವಾಗಿ ಏರಿಸೋಣ ಎಂದು ಲೀಗ್ ಕೇಳಿತ್ತು, ಆಟಗಾರರ ಸಂಘ ಒಪ್ಪಲಿಲ್ಲ. ಪರಿಣಾಮವಾಗಿ ಒಂದೇ ಬೇಸಿಗೆಯಲ್ಲಿ ಬಹುತೇಕ ಎಲ್ಲ ತಂಡಗಳ ಕೈಯಲ್ಲೂ ದುಡ್ಡು, ಮಾರುಕಟ್ಟೆಯಲ್ಲಿ ಮಾತ್ರ ಒಳ್ಳೆಯ ಆಟಗಾರರು ಬೆರಳೆಣಿಕೆಯಷ್ಟು. ಕೆವಿನ್ ಡ್ಯುರಾಂಟ್ ಗೋಲ್ಡನ್ ಸ್ಟೇಟ್‌ಗೆ ಹೋದರು. ಉಳಿದ ದುಡ್ಡೆಲ್ಲ ಎರಡನೇ, ಮೂರನೇ ಸಾಲಿನ ಆಟಗಾರರ ಮೇಲೆ ಬಿತ್ತು. ಆ ಒಂದು ಬೇಸಿಗೆಯ ಪಟ್ಟಿ ನೋಡಿ: ಜೋಕಿಮ್ ನೋವಾ ನ್ಯೂಯಾರ್ಕ್‌ಗೆ 7.2 ಕೋಟಿ, ಬಿಸ್ಮಾಕ್ ಬಿಯೊಂಬೊ ಒರ್ಲಾಂಡೊಗೆ 7.2 ಕೋಟಿ, ಇವಾನ್ ಟರ್ನರ್ ಪೋರ್ಟ್‌ಲ್ಯಾಂಡ್‌ಗೆ 7 ಕೋಟಿ, ಇಯಾನ್ ಮಹಿನ್ಮಿ ವಾಷಿಂಗ್ಟನ್‌ಗೆ 6.4 ಕೋಟಿ, ಚಾಂಡ್ಲರ್ ಪಾರ್ಸನ್ಸ್ ಮೆಂಫಿಸ್‌ಗೆ 9.4 ಕೋಟಿ. ಎಲ್ಲವೂ ನಾಲ್ಕು ವರ್ಷದವು.

ಲೇಕರ್ಸ್‌ಗೆ ಬೇರೆಯದೇ ಅವಸರವೂ ಇತ್ತು. 2015-16ರಲ್ಲಿ ತಂಡ 17 ಗೆದ್ದು 65 ಸೋತಿತ್ತು, ಕೋಬಿ ಬ್ರಯಾಂಟ್ ನಿವೃತ್ತರಾಗಿದ್ದರು, ಅವರ ಎರಡೂವರೆ ಕೋಟಿ ಸಂಬಳದ ಜಾಗ ತೆರವಾಗಿತ್ತು. ಬಾಸ್ಕೆಟ್‌ಬಾಲ್ ವ್ಯವಹಾರ ನೋಡುತ್ತಿದ್ದ ಜಿಮ್ ಬಸ್, ಮೂರು ವರ್ಷದೊಳಗೆ ತಂಡ ಮೇಲೆ ಬರದಿದ್ದರೆ ಹುದ್ದೆ ಬಿಡುತ್ತೇನೆಂದು 2014ರಲ್ಲೇ ಬಹಿರಂಗವಾಗಿ ಹೇಳಿಕೊಂಡಿದ್ದರು. ಗಡುವು ತಲೆಯ ಮೇಲಿರುವವನು ನಾಳೆಯ ಜಾಗವನ್ನು ಇಂದೇ ಅಡವಿಡುತ್ತಾನೆ. ಮಾರುಕಟ್ಟೆ ತೆರೆದ ಮೊದಲ ಕೆಲವೇ ಗಂಟೆಗಳಲ್ಲಿ ಮೊಜ್ಗೋವ್ ಜೊತೆ ಮಾತು ಮುಗಿದಿತ್ತು.

ಮೊಜ್ಗೋವ್ ಕೆಟ್ಟ ಆಟಗಾರರಲ್ಲ. 2015ರ ಫೈನಲ್‌ನ ನಾಲ್ಕನೇ ಪಂದ್ಯದಲ್ಲಿ ಕ್ಲೀವ್‌ಲ್ಯಾಂಡ್ ಪರ 28 ಪಾಯಿಂಟ್ ಹೊಡೆದವರು. ಆದರೆ ಅದೇ ಬೇಸಿಗೆಯಲ್ಲಿ ಮಂಡಿಯ ಶಸ್ತ್ರಚಿಕಿತ್ಸೆಯಾಯಿತು. ಮರುವರ್ಷ ಪಂದ್ಯಕ್ಕೆ ಸರಾಸರಿ 17 ನಿಮಿಷ, 6.3 ಪಾಯಿಂಟ್. ಕ್ಲೀವ್‌ಲ್ಯಾಂಡ್ 2016ರ ಚಾಂಪಿಯನ್‌ಷಿಪ್ ಗೆದ್ದಾಗ ಅವರು ಹೆಚ್ಚೂಕಡಿಮೆ ಬೆಂಚಿನಲ್ಲೇ ಇದ್ದರು. ಅಂದರೆ ಲೇಕರ್ಸ್ ಕೊಂಡದ್ದು 2015ರ ಜೂನ್ ತಿಂಗಳ ಮೊಜ್ಗೋವ್‌ನನ್ನು. ಕೈಗೆ ಸಿಕ್ಕಿದ್ದು 2016ರ ಮೊಜ್ಗೋವ್.

ಡೆಂಗ್ ವಿಷಯ ಇನ್ನಷ್ಟು ಗಮನಕ್ಕೆ ಯೋಗ್ಯ. ಸಹಿ ಹಾಕಿದಾಗ ಅವರಿಗೆ 31 ವರ್ಷ. ಈ ಸಂಖ್ಯೆ ಮೋಸ ಮಾಡುತ್ತದೆ, ಏಕೆಂದರೆ ಅವರು ಆಗಲೇ 12 ಸೀಸನ್ ಆಡಿದ್ದರು. ಷಿಕಾಗೊದಲ್ಲಿದ್ದಾಗ ಪಂದ್ಯಕ್ಕೆ ಅತಿ ಹೆಚ್ಚು ನಿಮಿಷ ಆಡಿದವರ ಪಟ್ಟಿಯಲ್ಲಿ ಎರಡು ವರ್ಷ ಲೀಗ್‌ಗೇ ಮೊದಲಿಗರು. ಕಾರಿಗೆ ವಯಸ್ಸಿಗಿಂತ ಓಡಿದ ಕಿಲೋಮೀಟರ್ ಮುಖ್ಯವಾಗುವಂತೆ ಇಲ್ಲೂ ಆಡಿದ ನಿಮಿಷ ನೋಡಬೇಕು. ಇನ್ನೊಂದು, ಮಯಾಮಿಯಲ್ಲಿ 2016ರ ವಸಂತದಲ್ಲಿ ಅವರು ಮಿಂಚಿದ್ದು ಕ್ರಿಸ್ ಬಾಷ್ ಅನಾರೋಗ್ಯದಿಂದ ಹೊರಗುಳಿದು, ಡೆಂಗ್ ಪವರ್ ಫಾರ್ವರ್ಡ್ (ಬುಟ್ಟಿಗೆ ಹತ್ತಿರ ಆಡುವ ದೊಡ್ಡ ಆಳಿನ) ಜಾಗಕ್ಕೆ ಬಂದ ಮೇಲೆ. ಅಲ್ಲಿ ತನಗಿಂತ ನಿಧಾನದ ಎದುರಾಳಿಗಳ ಮುಂದೆ ಅವರ ವೇಗ ಲಾಭವಾಗುತ್ತಿತ್ತು. ಲೇಕರ್ಸ್‌ನಲ್ಲಿ ಆ ಜಾಗದಲ್ಲಿ ಜೂಲಿಯಸ್ ರ‍್ಯಾಂಡಲ್ ಇದ್ದರು. ಹಾಗಾಗಿ ಡೆಂಗ್‌ರನ್ನು ಮತ್ತೆ ಸ್ಮಾಲ್ ಫಾರ್ವರ್ಡ್ (ಹೆಚ್ಚಾಗಿ ಬುಟ್ಟಿಯಿಂದ ದೂರ ಆಡುವ ಜಾಗ) ಮಾಡಿದರು. ಆ ಜಾಗಕ್ಕೂ ಅದೇ ಜೂನ್‌ನಲ್ಲಿ ಡ್ರಾಫ್ಟ್‌ನ ಎರಡನೇ ಆಯ್ಕೆಯಾಗಿ ಬ್ರ್ಯಾಂಡನ್ ಇಂಗ್ರಾಮ್ ಬಂದಿದ್ದರು! ಇದನ್ನು ತಿಳಿಯಲು ಆ ದಿನ ತಂಡದ ಹೆಸರುಪಟ್ಟಿ ಒಮ್ಮೆ ಓದಿದ್ದರೆ ಸಾಕಿತ್ತು.

ಮೊದಲ ವರ್ಷ ಡೆಂಗ್ 56 ಪಂದ್ಯದಲ್ಲಿ ಸರಾಸರಿ 7.6 ಪಾಯಿಂಟ್, ಮೊಜ್ಗೋವ್ 54 ಪಂದ್ಯದಲ್ಲಿ 7.4. ತಂಡ 26 ಗೆದ್ದು 56 ಸೋತಿತು. 2017ರ ಫೆಬ್ರುವರಿಯಲ್ಲಿ ಜಿಮ್ ಬಸ್ ಮತ್ತು ಜನರಲ್ ಮ್ಯಾನೇಜರ್ ಮಿಚ್ ಕಪ್ಚಕ್ ಹುದ್ದೆ ಕಳೆದುಕೊಂಡರು, ಮ್ಯಾಜಿಕ್ ಜಾನ್ಸನ್ ಬಂದರು. ಸ್ವಲ್ಪ ದಿನದಲ್ಲೇ ಎಳೆಯರಿಗೆ ಅವಕಾಶ ಕೊಡಲು ಇಬ್ಬರನ್ನೂ ಕೂರಿಸಲಾಯಿತು.

ನಿಜವಾದ ಬೆಲೆ ತೆತ್ತದ್ದು ಆಮೇಲೆ. 2018ರಲ್ಲಿ ಲೆಬ್ರಾನ್ ಜೇಮ್ಸ್ ಮಾರುಕಟ್ಟೆಗೆ ಬರುವವರಿದ್ದರು, ಜಾಗ ಬೇಕಿತ್ತು. ಬರೀ ಮೊಜ್ಗೋವ್‌ನನ್ನು ಯಾರೂ ಒಯ್ಯುವುದಿಲ್ಲ. ಆದ್ದರಿಂದ 2017ರ ಜೂನ್‌ನಲ್ಲಿ ಅವರ ಜೊತೆಗೆ ಡಿಆಂಜೆಲೊ ರಸೆಲ್‌ರನ್ನೂ ಸೇರಿಸಿ ಬ್ರೂಕ್ಲಿನ್‌ಗೆ ಕೊಟ್ಟರು. ರಸೆಲ್ 2015ರ ಡ್ರಾಫ್ಟ್‌ನ ಎರಡನೇ ಆಯ್ಕೆ. ಬದಲಿಗೆ ಬಂದದ್ದು ಒಂದೇ ವರ್ಷ ಒಪ್ಪಂದ ಉಳಿದಿದ್ದ ಬ್ರೂಕ್ ಲೋಪೆಜ್ ಮತ್ತು 27ನೇ ಪಿಕ್. ಆ ಪಿಕ್‌ನಿಂದ ಕೈಲ್ ಕುಜ್ಮಾ ಸಿಕ್ಕಿದ್ದು ಪುಣ್ಯ. ರಸೆಲ್ 2019ರಲ್ಲಿ ಬ್ರೂಕ್ಲಿನ್ ಪರ ಆಲ್‌ಸ್ಟಾರ್ ಆದರು. ಇನ್ನೊಬ್ಬರ ತಪ್ಪನ್ನು ಹೊತ್ತು ಅದರ ಕೂಲಿಯಾಗಿ ಎಳೆಯ ಆಟಗಾರ ಅಥವಾ ಪಿಕ್ ಪಡೆಯುವುದನ್ನು ಬ್ರೂಕ್ಲಿನ್ ಆ ವರ್ಷಗಳಲ್ಲಿ ಒಂದು ಕಸುಬನ್ನಾಗಿಯೇ ಮಾಡಿಕೊಂಡಿತ್ತು. ಖಾಲಿ ಜಾಗವನ್ನು ಹೀಗೂ ಖರ್ಚು ಮಾಡಬಹುದಿತ್ತು ಎಂಬುದಕ್ಕೆ ಅದೇ ಸಾಕ್ಷಿ. ಮುಂದೆ ಮೊಜ್ಗೋವ್ ಷಾರ್ಲಟ್‌ಗೆ ಹೋದರು, ಅಲ್ಲಿಂದ ಒರ್ಲಾಂಡೊಗೆ. ಆ ಕೊನೆಯ ಟ್ರೇಡ್‌ನಲ್ಲಿ ಷಾರ್ಲಟ್‌ಗೆ ಬಂದವರು ಬಿಯೊಂಬೊ, ಅದೇ 2016ರ ಇನ್ನೊಂದು ದುಬಾರಿ ಸಹಿ.

ಡೆಂಗ್‌ರನ್ನು ಒಯ್ಯುವವರೇ ಸಿಗಲಿಲ್ಲ. 2017-18ರಲ್ಲಿ 1.72 ಕೋಟಿ ಡಾಲರ್ ಸಂಬಳದ ವರ್ಷದಲ್ಲಿ ಅವರು ಆಡಿದ್ದು ಒಂದೇ ಪಂದ್ಯ, 13 ನಿಮಿಷ. ಗಾಯ ಇರಲಿಲ್ಲ, ಆಡಲು ಸಿದ್ಧರಿದ್ದರು. ತಂಡಕ್ಕೆ ಬೇಕಿರಲಿಲ್ಲ ಅಷ್ಟೆ. ಇದನ್ನು ಆಟಗಾರನ ಸೋಲು ಎಂದು ಬರೆಯುವುದು ಅನ್ಯಾಯ.

2018ರ ಸೆಪ್ಟೆಂಬರ್ 1ಕ್ಕೆ ಅವರನ್ನು ಬಿಟ್ಟದ್ದು ‘ಸ್ಟ್ರೆಚ್’ ನಿಯಮದಲ್ಲಿ. ಈ ನಿಯಮದ ಲೆಕ್ಕ ಕಲಿತಿಟ್ಟುಕೊಳ್ಳಿ, ಸುದ್ದಿ ಓದುವಾಗ ಪದೇಪದೇ ಬೇಕಾಗುತ್ತದೆ. ಬಾಕಿ ಇರುವ ವರ್ಷಗಳನ್ನು ಎರಡರಿಂದ ಗುಣಿಸಿ ಒಂದು ಕೂಡಿ. ಬಾಕಿ ಮೊತ್ತ ಅಷ್ಟು ವರ್ಷಕ್ಕೆ ಸಮನಾಗಿ ಹಂಚಿಹೋಗುತ್ತದೆ. ಜುಲೈ ಒಂದರಿಂದ ಆಗಸ್ಟ್ ಕೊನೆಯೊಳಗೆ ಬಿಟ್ಟರೆ ಆಗತಾನೆ ಶುರುವಾಗುವ ಸೀಸನ್ನಿನ ಸಂಬಳವೂ ಹಂಚಿಕೆಗೆ ಸೇರುತ್ತದೆ. ಸೆಪ್ಟೆಂಬರ್ ಒಂದರಿಂದಾಚೆ ಬಿಟ್ಟರೆ ಆ ಸೀಸನ್ನಿನದು ಹಾಗೇ ಉಳಿದು, ಮುಂದಿನ ವರ್ಷಗಳದು ಮಾತ್ರ ಹಂಚಿಕೆಯಾಗುತ್ತದೆ. ಡೆಂಗ್‌ಗೆ ಎರಡು ವರ್ಷದ 3.68 ಕೋಟಿ ಬಾಕಿ ಇತ್ತು. ಬೈಔಟ್‌ನಲ್ಲಿ (ಇಬ್ಬರೂ ಒಪ್ಪಿ ಒಪ್ಪಂದ ಮುಗಿಸುವಾಗ) ಸುಮಾರು 75 ಲಕ್ಷ ಬಿಟ್ಟುಕೊಟ್ಟರು. ಸೆಪ್ಟೆಂಬರ್ ಆದ್ದರಿಂದ 2018-19ರ ಪಾಲು ಆ ವರ್ಷದಲ್ಲೇ ಕೂತಿತು. ಕೊನೆಯ ವರ್ಷದ ಸುಮಾರು ಒಂದೂವರೆ ಕೋಟಿ ಮೂರು ಭಾಗವಾಗಿ, ವರ್ಷಕ್ಕೆ 50 ಲಕ್ಷದಂತೆ 2021-22ರವರೆಗೆ ಹರಿಯಿತು. ಲೇಕರ್ಸ್ 2020ರಲ್ಲಿ ಚಾಂಪಿಯನ್ ಆದಾಗಲೂ ಅವರ ಲೆಕ್ಕದ ಪುಸ್ತಕದಲ್ಲಿ ಡೆಂಗ್ ಹೆಸರಿತ್ತು.

ಸ್ಟ್ರೆಚ್ ಸಾಲ ತೀರಿಸುವುದಿಲ್ಲ, ಕಂತು ಉದ್ದ ಮಾಡುತ್ತದೆ. 2025ರಲ್ಲಿ ಮಿಲ್ವಾಕಿ, ಗಾಯಗೊಂಡಿದ್ದ ಡೇಮಿಯನ್ ಲಿಲ್ಲಾರ್ಡ್ ಅವರ ಎರಡು ವರ್ಷದ 11.3 ಕೋಟಿ ಬಾಕಿಯನ್ನು ಐದು ವರ್ಷಕ್ಕೆ ಹಂಚಿ ವರ್ಷಕ್ಕೆ ಸುಮಾರು 2.25 ಕೋಟಿ ಹೊರೆ ಹೊತ್ತುಕೊಂಡಿತು. ಇಷ್ಟೂ ಆ ಜಾಗದಲ್ಲಿ ಮೈಲ್ಸ್ ಟರ್ನರ್‌ರನ್ನು ತರುವುದಕ್ಕಾಗಿ. ಹೀಗೆ ಹಂಚಿದ ಹೊರೆಗಳ ವಾರ್ಷಿಕ ಒಟ್ಟು ಕ್ಯಾಪ್‌ನ ಶೇ. 15 ದಾಟುವಂತಿಲ್ಲ ಎಂಬ ಮಿತಿಯೂ ಇದೆ.

ತಪ್ಪು ಹೇಗೆ ಸರಪಳಿಯಾಗುತ್ತದೆ ಎಂದು ನೋಡಲು ಲೇಕರ್ಸ್‌ಗಿಂತ ಡೆಟ್ರಾಯಿಟ್ ಪಿಸ್ಟನ್ಸ್ ಉತ್ತಮ ಉದಾಹರಣೆ. 2008ರ ನವೆಂಬರ್‌ನಲ್ಲಿ ಅವರು ಚಾಂಪಿಯನ್ ತಂಡದ ಜೀವಾಳವಾಗಿದ್ದ ಚಾನ್ಸಿ ಬಿಲಪ್ಸ್‌ರನ್ನು ಡೆನ್ವರ್‌ಗೆ ಕೊಟ್ಟು ಅಲೆನ್ ಐವರ್ಸನ್‌ರನ್ನು ತಂದರು. ಐವರ್ಸನ್ ಒಪ್ಪಂದ ಆ ವರ್ಷವೇ ಮುಗಿಯುತ್ತಿತ್ತು, ಜಾಗ ಸಿಗುತ್ತಿತ್ತು. ಆ ಜಾಗದಲ್ಲಿ 2009ರಲ್ಲಿ ಬೆನ್ ಗಾರ್ಡನ್ ಮತ್ತು ಚಾರ್ಲಿ ವಿಲನುವೇವಾ ಬಂದರು, ಇಬ್ಬರಿಗೂ ಐದೈದು ವರ್ಷ. ಷಿಕಾಗೊದಲ್ಲಿ ಹಿಂದಿನ ವರ್ಷ 20.7 ಪಾಯಿಂಟ್ ಸರಾಸರಿ ಇದ್ದ ಗಾರ್ಡನ್ ಮೊದಲ ವರ್ಷ 13.8ಕ್ಕೆ ಇಳಿದರು. ಅಂಗಳದಲ್ಲಿ ಅವರು ಆಡುವ ಸ್ಥಾನದಲ್ಲಿ ರಿಚರ್ಡ್ ಹ್ಯಾಮಿಲ್ಟನ್ ದೀರ್ಘ ಒಪ್ಪಂದದೊಂದಿಗೆ ಆಗಲೇ ಇದ್ದರು. ತಂಡ 27 ಗೆದ್ದು 55 ಸೋತಿತು. ಗಾರ್ಡನ್ ಒಪ್ಪಂದದಿಂದ ಒಂದು ವರ್ಷ ಬೇಗ ಬಿಡಿಸಿಕೊಳ್ಳಲು 2012ರಲ್ಲಿ ಅವರ ಜೊತೆ ಒಂದು ಮೊದಲ ಸುತ್ತಿನ ಪಿಕ್ ಸೇರಿಸಿ ಷಾರ್ಲಟ್‌ಗೆ ಕೊಟ್ಟರು. 2014ರಲ್ಲಿ ಆ ಪಿಕ್ ಮೊದಲ ಎಂಟರೊಳಗೆ ಬಂದರೆ ಡೆಟ್ರಾಯಿಟ್‌ನಲ್ಲೇ ಉಳಿಯುತ್ತದೆ ಎಂಬ ಷರತ್ತಿತ್ತು.

ಹಾಗೆ ತೆರವಾದ ಜಾಗಕ್ಕೆ 2013ರಲ್ಲಿ ಬಂದವರು ಜಾಶ್ ಸ್ಮಿತ್, ನಾಲ್ಕು ವರ್ಷಕ್ಕೆ 5.4 ಕೋಟಿ. ತಂಡದಲ್ಲಿ ಆಗಲೇ ಆಂಡ್ರೆ ಡ್ರಮಂಡ್, ಗ್ರೆಗ್ ಮನ್ರೋ ಎಂಬ ಇಬ್ಬರು ದೊಡ್ಡ ಆಳುಗಳು, ಇಬ್ಬರೂ ಬುಟ್ಟಿಯ ಹತ್ತಿರ ಆಡುವವರು. ಸ್ಮಿತ್ ಕೂಡ ಅಲ್ಲೇ ಆಡಬೇಕಾದವರು. ಮೂವರೂ ಒಟ್ಟಿಗೆ ನಿಂತಾಗ ಎದುರಾಳಿಗಳು ಬುಟ್ಟಿಯ ಸುತ್ತ ಗುಂಪು ಕಟ್ಟಿ, ಸ್ಮಿತ್‌ರನ್ನು ದೂರದಲ್ಲಿ ಬೇಕೆಂದೇ ಖಾಲಿ ಬಿಟ್ಟರು. ಅವರು ಆ ವರ್ಷ 265 ತ್ರೀ ಪಾಯಿಂಟರ್ ಎಸೆದರು, ಬಿದ್ದದ್ದು ಶೇ. 26.4. ತಂಡ ಆ ಸೀಸನ್ ಮುಗಿಸಿದ್ದು 29-53ರಲ್ಲಿ. ಡ್ರಾಫ್ಟ್ ಸರದಿ ನಿರ್ಧರಿಸುವ ಲಾಟರಿಗೆ ಮುನ್ನ ಡೆಟ್ರಾಯಿಟ್ ಎಂಟನೇ ಸ್ಥಾನದಲ್ಲಿತ್ತು, ಪಿಕ್ ಉಳಿಯಬೇಕಿತ್ತು. ಹಿಂದಿದ್ದ ಕ್ಲೀವ್‌ಲ್ಯಾಂಡ್ ಲಾಟರಿ ಗೆದ್ದು ಮೊದಲ ಸ್ಥಾನಕ್ಕೆ ಹಾರಿತು. ಡೆಟ್ರಾಯಿಟ್ ಒಂಬತ್ತಕ್ಕೆ ಜಾರಿತು, ಪಿಕ್ ಷಾರ್ಲಟ್ ಪಾಲಾಯಿತು. 2009ರ ತಪ್ಪಿನ ಬಿಲ್ಲನ್ನು 2013ರ ತಪ್ಪು ದೊಡ್ಡದು ಮಾಡಿತು. 2014ರ ಡಿಸೆಂಬರ್ 22ರಂದು, ತಂಡ 5-23ರಲ್ಲಿದ್ದಾಗ, ಕೋಚ್ ಸ್ಟ್ಯಾನ್ ವ್ಯಾನ್ ಗಂಡಿ ಸ್ಮಿತ್‌ರನ್ನು ಬಿಟ್ಟೇಬಿಟ್ಟರು. ಮುಂದಿನ ಏಳೂ ಪಂದ್ಯ ಗೆದ್ದರು! ಆದರೆ ಅವರ ಹೆಸರಿನಲ್ಲಿ ವರ್ಷಕ್ಕೆ 54 ಲಕ್ಷ 2019-20ರವರೆಗೆ ಉಳಿಯಿತು. ಸ್ಮಿತ್ ಹ್ಯೂಸ್ಟನ್‌ಗೆ ಹೋಗಿ, ಆ ತಂಡ ಅದೇ ವರ್ಷ ವೆಸ್ಟರ್ನ್ ಫೈನಲ್ ತಲುಪಿತು. ಒಂದು ಕಡೆ ಹೊರೆಯಾದವನು ಇನ್ನೊಂದು ಕಡೆ ಉಪಯೋಗಕ್ಕೆ ಬಂದದ್ದಕ್ಕೆ ಕಾರಣ, ಅಲ್ಲಿ ಅವನ ಅಕ್ಕಪಕ್ಕ ನಿಂತವರು ಬೇರೆ.

ಈಗ ನಿಮ್ಮ ಮೂರನೇ ಪ್ರಶ್ನೆ. ಸುದ್ದಿ ಬಂದ ಬೆಳಿಗ್ಗೆ ಒಟ್ಟು ಮೊತ್ತ ನೋಡಿ ಬೆರಗಾಗಬೇಡಿ, ಅದು ಹೆಚ್ಚೇನೂ ಹೇಳುವುದಿಲ್ಲ. ಮೊದಲ ವರ್ಷದ ಸಂಬಳವನ್ನು ಆ ವರ್ಷದ ಕ್ಯಾಪ್‌ನಿಂದ ಭಾಗಿಸಿ. ಮೊಜ್ಗೋವ್‌ಗೆ 1.6 ಕೋಟಿ, ಅಂದರೆ ಶೇ. 17. ಹಿಂದಿನ ವರ್ಷದ 7 ಕೋಟಿ ಕ್ಯಾಪ್‌ನಲ್ಲಿ ಅದು 1.19 ಕೋಟಿಗೆ ಸಮ. ದುಡ್ಡಿನ ಬೆಲೆಯೇ ಇಳಿದಿದೆ ಎಂಬ ಸಮರ್ಥನೆಯನ್ನು ಪೂರ್ತಿ ಒಪ್ಪಿಕೊಂಡರೂ, 17 ನಿಮಿಷ ಆಡುವ ಸೆಂಟರ್‌ಗೆ ಅದು ಹೆಚ್ಚೇ. ಕ್ಯಾಪ್ ಏರುತ್ತಲೇ ಹೋಗಿ ಈ ಸಂಬಳ ಮುಂದೆ ಸಣ್ಣದಾಗಿ ಕಾಣುತ್ತದೆ ಎಂಬ ಮಾತನ್ನೂ ನಂಬಬೇಡಿ. 2017-18ಕ್ಕೆ ಕ್ಯಾಪ್ ಹತ್ತು ಕೋಟಿ ದಾಟುತ್ತದೆಂಬ ಅಂದಾಜಿತ್ತು, 9.91ಕ್ಕೇ ನಿಂತಿತು.

ಆಮೇಲೆ ಕೇಳಬೇಕಾದ್ದು, ಅವನ ಹಳೆಯ ತಂಡ ಯಾಕೆ ಬಿಟ್ಟಿತು? ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ತೂಕದ ಪ್ರಶ್ನೆ. ನಿಯಮಗಳೆಲ್ಲ ಹಳೆಯ ತಂಡದ ಪರವಾಗಿವೆ. ಅದು ಕ್ಯಾಪ್ ಮೀರಿ ಕೊಡಬಹುದು, ಐದು ವರ್ಷ ಕೊಡಬಹುದು. ಹೊರಗಿನವರಿಗೆ ಈಗ ನಾಲ್ಕೇ ವರ್ಷ. ಅವನ ಮಂಡಿಯ ಸ್ಕ್ಯಾನ್ ನೋಡಿರುವುದೂ, ದಿನಾ ಅಭ್ಯಾಸದಲ್ಲಿ ಅವನನ್ನು ನೋಡುತ್ತಿರುವುದೂ ಅದೇ. ಎಲ್ಲ ಅನುಕೂಲ ಇದ್ದೂ ಬಿಟ್ಟುಕೊಟ್ಟಿತೆಂದರೆ ಅಲ್ಲೊಂದು ಮಾಹಿತಿ ಇದೆ. ಪಾರ್ಸನ್ಸ್ ಬಲ ಮಂಡಿಗೆ 2015ರಲ್ಲೂ 2016ರಲ್ಲೂ ಶಸ್ತ್ರಚಿಕಿತ್ಸೆಯಾಗಿತ್ತು. ಡಲ್ಲಾಸ್ ಹಿಂದೆ ಸರಿಯಿತು, ಮೆಂಫಿಸ್ ಗರಿಷ್ಠ ಮೊತ್ತ ಕೊಟ್ಟಿತು. ಮೂರು ವರ್ಷದಲ್ಲಿ ಅವರು ಆಡಿದ್ದು 34, 36, 25 ಪಂದ್ಯ. ನೋವಾ 2014ರ ಶ್ರೇಷ್ಠ ರಕ್ಷಣಾ ಆಟಗಾರ ನಿಜ. ಆದರೆ ನ್ಯೂಯಾರ್ಕ್ ಸಹಿ ಹಾಕಿಸುವ ಹಿಂದಿನ ವರ್ಷ ಭುಜದ ಗಾಯದಿಂದ 29 ಪಂದ್ಯ ಮಾತ್ರ ಆಡಿದ್ದರು. ನ್ಯೂಯಾರ್ಕ್‌ಗೆ ಎರಡು ವರ್ಷದಲ್ಲಿ ಸಿಕ್ಕಿದ್ದು 53 ಪಂದ್ಯ.

ಅಂಗಳದಲ್ಲಿ ಅವನು ಎಲ್ಲಿ ನಿಲ್ಲುತ್ತಾನೆ, ಆ ಜಾಗದಲ್ಲಿ ಈಗ ಯಾರಿದ್ದಾರೆ ಎಂಬುದು ಡೆಂಗ್, ಸ್ಮಿತ್, ಗಾರ್ಡನ್ ಮೂವರಲ್ಲೂ ಕಂಡಿತು. ಚೆಂಡು ಸದಾ ಕೈಯಲ್ಲಿದ್ದರೆ ಮಾತ್ರ ಆಡಬಲ್ಲ, ದೂರದಿಂದ ಎಸೆಯಲಾರದ ಆಟಗಾರನನ್ನು ಚೆಂಡು ಆಡಿಸುವವರು ಆಗಲೇ ಇಬ್ಬರಿರುವ ತಂಡಕ್ಕೆ ತಂದರೆ ಮೂವರಿಗೂ ನಷ್ಟ. ಲಿಲ್ಲಾರ್ಡ್, ಮೆಕಾಲಂ ಇದ್ದ ಪೋರ್ಟ್‌ಲ್ಯಾಂಡ್‌ನಲ್ಲಿ ಇವಾನ್ ಟರ್ನರ್‌ಗೆ ಆದದ್ದು ಇದೇ.

ಕಾಗದದ ಸಣ್ಣ ಅಕ್ಷರಗಳನ್ನೂ ಓದಿ. ಕೊನೆಯ ವರ್ಷದ ಆಯ್ಕೆ ಆಟಗಾರನ ಕೈಯಲ್ಲಿದ್ದರೆ ಚೆನ್ನಾಗಿ ಆಡಿದವನು ಹೊರಟು ಹೆಚ್ಚು ಪಡೆಯುತ್ತಾನೆ, ಕುಸಿದವನು ಉಳಿಯುತ್ತಾನೆ. ಎರಡರಲ್ಲೂ ತಂಡಕ್ಕೆ ಲಾಭವಿಲ್ಲ. ಆಯ್ಕೆ ತಂಡದ ಕೈಯಲ್ಲಿದ್ದರೆ ಅಥವಾ ಕೊನೆಯ ವರ್ಷ ಭಾಗಶಃ ಖಾತರಿಯದಾದರೆ ಚಿತ್ರವೇ ಬೇರೆ. ನೋವಾ ಪೆಟ್ಟು ತಿಂದ ನ್ಯೂಯಾರ್ಕ್ 2019ರಲ್ಲಿ ದೊಡ್ಡ ಹೆಸರುಗಳು ಸಿಗದಿದ್ದಾಗ ಹೀಗೆ ಮಾಡಿತು. ಬಾಬಿ ಪೋರ್ಟಿಸ್, ತಾಜ್ ಗಿಬ್ಸನ್, ವೇನ್ ಎಲಿಂಗ್ಟನ್, ಎಲ್ಫ್ರಿಡ್ ಪೇಟನ್ ಎಲ್ಲರಿಗೂ ಎರಡು ವರ್ಷ, ಎರಡನೆಯದು ತಂಡ ಬಿಡಬಹುದಾದದ್ದು. ಜೂಲಿಯಸ್ ರ‍್ಯಾಂಡಲ್‌ಗೆ ಮೂರು ವರ್ಷ, ಮೂರನೆಯದರಲ್ಲಿ 40 ಲಕ್ಷ ಮಾತ್ರ ಖಾತರಿ. ಆ ಸೀಸನ್ 21-45ರಲ್ಲಿ ಮುಗಿಯಿತು, ಸಹಿಗಳೆಲ್ಲ ನಿರಾಸೆಯೇ. ಆದರೆ ಮರುಬೇಸಿಗೆಯಲ್ಲಿ ಒಂದು ಪಿಕ್ ಕೂಡ ಕೊಡದೆ ಮನೆ ಗುಡಿಸಿಕೊಂಡರು, ಉಳಿಸಿಕೊಂಡ ರ‍್ಯಾಂಡಲ್ 2021ರಲ್ಲಿ ಆಲ್‌ಸ್ಟಾರ್ ಆದರು.

ಎಲ್ಲ ನಿರಾಸೆಯೂ ತಪ್ಪು ಲೆಕ್ಕದಿಂದ ಬರುವುದಿಲ್ಲ ಎಂಬುದನ್ನೂ ಹೇಳಲೇಬೇಕು. 2000ದಲ್ಲಿ ಗ್ರಾಂಟ್ ಹಿಲ್ ಒರ್ಲಾಂಡೊಗೆ ಹೋದಾಗ ವಯಸ್ಸು 27, ಲೀಗ್‌ನ ಅಗ್ರ ಆಟಗಾರರಲ್ಲೊಬ್ಬರು. ಮುರಿದ ಕಣಕಾಲು ವಾಸಿಯಾಗದೆ ಮೊದಲ ನಾಲ್ಕು ಸೀಸನ್‌ನಲ್ಲಿ 47 ಪಂದ್ಯ ಆಡಿದರು. ಅವರ ಬದಲಿಗೆ ಅವರ ಹಳೆಯ ತಂಡ ಡೆಟ್ರಾಯಿಟ್‌ಗೆ ಹೋದ ಇಬ್ಬರಲ್ಲಿ ಒಬ್ಬರು ಬೆನ್ ವ್ಯಾಲೆಸ್, ನಾಲ್ಕು ಬಾರಿ ಶ್ರೇಷ್ಠ ರಕ್ಷಣಾ ಆಟಗಾರ, 2004ರ ಚಾಂಪಿಯನ್. ಅಂದಿನ ದಿನ ಯಾವ ತಂಡವಾದರೂ ಹಿಲ್‌ಗೆ ಸಹಿ ಹಾಕಿಸುತ್ತಿತ್ತು.

ಇತ್ತೀಚಿನ ಒಪ್ಪಂದವೊಂದರ ಮೇಲೆ ಈ ಪ್ರಶ್ನೆಗಳನ್ನು ಇಟ್ಟು ನೋಡಿ: 2024ರಲ್ಲಿ ಫಿಲಡೆಲ್ಫಿಯಾ ಪಾಲ್ ಜಾರ್ಜ್‌ಗೆ ಕೊಟ್ಟ ನಾಲ್ಕು ವರ್ಷದ ಸುಮಾರು 21.2 ಕೋಟಿ. ಮೊದಲ ವರ್ಷದ 4.92 ಕೋಟಿ ಆ ವರ್ಷದ ಕ್ಯಾಪ್‌ನ ಶೇ. 35. ವಯಸ್ಸು 34. ಹಿಂದಿನ ನಾಲ್ಕು ಸೀಸನ್‌ಗಳಲ್ಲಿ 54, 31, 56, 74 ಪಂದ್ಯ. ಕೊನೆಯದೊಂದೇ ಪೂರ್ತಿ ಎನ್ನಬಹುದಾದದ್ದು. ಹಳೆಯ ತಂಡ ಕ್ಲಿಪ್ಪರ್ಸ್ ನಾಲ್ಕನೇ ವರ್ಷ ಕೊಡಲು ಒಪ್ಪಿರಲಿಲ್ಲ. ಜೊತೆಗಾರ ಜೋಯೆಲ್ ಎಂಬೀಡ್ ಕೂಡ ಗಾಯದ ಇತಿಹಾಸದವರು. ಮೊದಲ ಸೀಸನ್‌ನಲ್ಲಿ ಜಾರ್ಜ್ 41 ಪಂದ್ಯ ಆಡಿದರು, ಎಂಬೀಡ್ 19, ತಂಡ 24-58. ಒಪ್ಪಂದದ ಕೊನೆಯ ವರ್ಷ 2027-28, ಆಗ ಸಂಬಳ 5.66 ಕೋಟಿ, ಉಳಿಯುವ ಇಲ್ಲವೇ ಹೋಗುವ ಆಯ್ಕೆ ಜಾರ್ಜ್ ಕೈಯಲ್ಲಿದೆ.